ಟ್ರಾಮ್ ಬೀದಿಯಿಂದ ದೇವಾಲಯದ ಹಿತ್ತಲಿಗೆ

ವರ್ಷಂಪ್ರತಿ ಜನವರಿ ತಿಂಗಳ ಕೊನೆಯ ಭಾಗದಲ್ಲಿ ಕಾರ್ಕಳದ ಅತ್ತೂರಿಗೆ ಲಕ್ಷಾಂತರ ಭಕ್ತಾದಿಗಳು ಹರಿದು ಬರುತ್ತಾರೆ. ಕ್ರೈಸ್ತರು ಮಾತ್ರವಲ್ಲ, ಅನ್ಯಧರ್ಮೀಯ ಬಾಂಧವರೂ ಸಂತ ಲಾರೆನ್ಸರ ಪ್ರತಿಮೆಯ ಮುಂದೆ ಮೊಂಬತ್ತಿ ಹಚ್ಚಿ ಹರಕೆ ಸಲ್ಲಿಸುತ್ತಾರೆ. 2016ರಲ್ಲಿ ಬಸಿಲಿಕಾ ಪದವಿಗೇರಿದ ಈ ಪುಣ್ಯಕ್ಷೇತ್ರದ ಪಾಲಕ ಸಂತರ ಚರಿತ್ರೆ ನಮ್ಮ ಓದುಗರಿಗೆ ಹೊಸದಲ್ಲ. ಕ್ರಿ.ಶ. 258ರಲ್ಲಿ ರೋಮಿನ ಅಧಿಕಾರಿಯು ಧರ್ಮಸಭೆಯ ನಿಧಿಯನ್ನೆಲ್ಲ ತಂದೊಪ್ಪಿಸಬೇಕೆಂದು ಆಜ್ಞಾಪಿಸಿದಾಗ, ಲಾರೆನ್ಸರು ನಗರದ ಬಡವರನ್ನೂ ಕುಂಟರನ್ನೂ ಕುರುಡರನ್ನೂ ಕರೆದುಕೊಂಡು ಹೋಗಿ, ನಮ್ಮ ನಿಧಿ ಇವರೇ ಎಂದರೆಂಬುದು ಪರಂಪರೆಯ ಮಾತು. ಅದಕ್ಕಾಗಿ ಅವರು ಕಾದ ಕಬ್ಬಿಣದ ಸರಳುಗಳ ಮೇಲೆ ಪ್ರಾಣ ತೆತ್ತರೆಂದು ಹೇಳುತ್ತಾರೆ.

ಇದೇ ಸಂತರ ಹೆಸರನ್ನು ಭೂಗೋಳದ ಇನ್ನೊಂದು ಮಗ್ಗುಲಿನಲ್ಲಿ, ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್ ನಗರದಲ್ಲಿ, ಸಾವಿರಾರು ಜನ ಒಕ್ಕೊರಲಿನಿಂದ ಕೂಗುತ್ತಾರೆ. ಕೂಗುವ ಸ್ಥಳ ಮಾತ್ರ ದೇವಾಲಯವಲ್ಲ, ಕಾಲ್ಚೆಂಡಾಟದ ಕ್ರೀಡಾಂಗಣ. ಸ್ಪ್ಯಾನಿಷ್ ನುಡಿಯಲ್ಲಿ ಸಂತ ಲಾರೆನ್ಸರು 'ಸಾನ್ ಲೊರೆನ್ಸೊ' ಆಗುತ್ತಾರೆ. ಆ ಹೆಸರಿನ ಕ್ಲಬ್ಬು ಹುಟ್ಟಿದ್ದು ಶ್ರೀಮಂತರ ಹಣದಿಂದಲ್ಲ. ಬಡ ಹುಡುಗರಿಗೆ ಒಬ್ಬ ಗುರುಗಳು ದೇವಾಲಯದ ಹಿತ್ತಲ ಬಾಗಿಲನ್ನು ತೆರೆದುಕೊಟ್ಟದ್ದರಿಂದ. ಆ ಬಾಗಿಲಿನ ಕಥೆಯನ್ನು ಈ ವಾರ ನಮ್ಮ ಓದುಗರ ಮುಂದಿಡಬಯಸುತ್ತೇವೆ.

ಇಪ್ಪತ್ತನೆಯ ಶತಮಾನದ ಆರಂಭದ ಬ್ಯೂನಸ್ ಐರಿಸ್ ವಲಸಿಗರ ನಗರ. ಇಟಲಿಯಿಂದ, ಸ್ಪೇಯಿನಿನಿಂದ ಹೊಟ್ಟೆಪಾಡಿಗಾಗಿ ಹಡಗು ಹತ್ತಿ ಬಂದ ಕುಟುಂಬಗಳು ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರದಂತೆ ವಠಾರಗಳಲ್ಲಿ ತುಂಬಿಕೊಂಡಿದ್ದವು. ತಂದೆ ತಾಯಿ ಕೆಲಸಕ್ಕೆ ಹೋದ ಮೇಲೆ ಮಕ್ಕಳಿಗೆ ಉಳಿಯುತ್ತಿದ್ದುದು ಬೀದಿ. ಅಲ್ಮಾಗ್ರೊ ಎಂಬ ಬಡಾವಣೆಯಲ್ಲಿ ಹೀಗೆ ಬೀದಿಯಲ್ಲಿ ಚೆಂಡು ಒದೆಯುತ್ತಿದ್ದ ಹುಡುಗರ ಒಂದು ಗುಂಪಿತ್ತು. 'ಅಲ್ಮಾಗ್ರೊದ ಫೊರ್ಸೊಸೊಸ್' ಎಂದು ತಮ್ಮನ್ನು ತಾವೇ ಕರೆದುಕೊಳ್ಳುತ್ತಿದ್ದರು. ಅದೇ ಬೀದಿಯಲ್ಲಿ ಟ್ರಾಮ್ ಗಾಡಿಗಳೂ ಓಡುತ್ತಿದ್ದವು. ಒಂದು ದಿನ ಆಟದ ಅಮಲಿನಲ್ಲಿದ್ದ ಹುಡುಗನೊಬ್ಬ ಟ್ರಾಮಿನ ಗಾಲಿಗೆ ಸಿಕ್ಕುವುದರಿಂದ ಕೂದಲೆಳೆಯಷ್ಟರಲ್ಲಿ ಪಾರಾದನೆಂದು ಕ್ಲಬ್ಬಿನವರು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ.

ಹತ್ತಿರದ ಮೆಕ್ಸಿಕೊ ಬೀದಿಯಲ್ಲಿ ಸಲೇಶಿಯನ್ ಸಭೆಯವರ ಸಂತ ಅಂತೋಣಿಯವರ ಪ್ರಾರ್ಥನಾಲಯವಿತ್ತು. ಅಲ್ಲಿದ್ದ ಪೂಜ್ಯ ಲೊರೆನ್ಸೊ ಮಾಸ್ಸಾ ಅವರು ಆಗಿನ್ನೂ ಇಪ್ಪತ್ತೈದರ ಆಸುಪಾಸಿನ ತರುಣರು. ಅವರು ಹುಡುಗರನ್ನು ಗದರಿಸಿ ಓಡಿಸಲಿಲ್ಲ, ಪೊಲೀಸರಿಗೆ ದೂರು ಕೊಡಲೂ ಇಲ್ಲ. ಬೀದಿಯಲ್ಲಿ ಆಡಬೇಡಿ, ನಮ್ಮ ಹಿತ್ತಲಿನ ಅಂಗಳಕ್ಕೆ ಬನ್ನಿ ಎಂದು ಕರೆದರು. ಒಂದು ಷರತ್ತು ಮಾತ್ರ ಹಾಕಿದರು: ಭಾನುವಾರದ ಬಲಿಪೂಜೆಗೆ ಬರಬೇಕು. ಹುಡುಗರು ಒಪ್ಪಿದರು. 1908ರ ಏಪ್ರಿಲ್ 1ರಂದು ಕ್ಲಬ್ಬು ವಿಧಿವತ್ತಾಗಿ ಸ್ಥಾಪನೆಯಾಯಿತು.

ಹೆಸರಿಡುವಾಗ ಸಣ್ಣದೊಂದು ಜಗ್ಗಾಟ ನಡೆಯಿತು. ಹುಡುಗರಿಗೆ ತಮ್ಮ ಗುರುಗಳ ಹೆಸರನ್ನೇ ಇಡಬೇಕೆಂಬ ಆಸೆ. ಗುರುಗಳು ಒಲ್ಲೆನೆಂದರು. ಕೊನೆಗೆ ರಕ್ತಸಾಕ್ಷಿ ಸಂತ ಲಾರೆನ್ಸರ ಹಾಗೂ 1813ರಲ್ಲಿ ಅರ್ಜೆಂಟೀನಾದ ಸ್ವಾತಂತ್ರ್ಯಕ್ಕಾಗಿ ನಡೆದ ಸಾನ್ ಲೊರೆನ್ಸೊ ಕದನದ ನೆನಪಿಗೆ ಎಂಬ ಒಪ್ಪಂದದ ಮೇಲೆ ಸಮ್ಮತಿ ಕೊಟ್ಟರು. ಅಂಗಿಯ ನೀಲಿ ಕೆಂಪು ಬಣ್ಣಗಳು ಕ್ರೈಸ್ತರ ಸಹಾಯಮಾತೆಯ ಉಡುಪಿನವು ಎನ್ನುತ್ತಾರೆ. ಎದುರಾಳಿಗಳು ಈ ತಂಡದವರನ್ನು 'ಕಾಗೆಗಳು' ಎಂದು ಹಾಸ್ಯ ಮಾಡುತ್ತಿದ್ದರು, ಗುರುಗಳ ಕಪ್ಪು ನಿಲುವಂಗಿಯನ್ನು ಕಂಡು. ಆ ಅಡ್ಡಹೆಸರನ್ನು ಅವರು ಇಂದಿಗೂ ಅಭಿಮಾನದಿಂದ ಹೊತ್ತುಕೊಂಡಿದ್ದಾರೆ. ನಮ್ಮ ಊರುಗಳಲ್ಲಿ ಇದೇ ಮಾತಿಗೆ ಎಷ್ಟು ಸಭೆಗಳು ಸೇರುತ್ತಿದ್ದವೋ ಊಹಿಸಿಕೊಳ್ಳಬಹುದು.

ಮಾಸ್ಸಾ ಗುರುಗಳಿಗೆ ಈ ಬುದ್ಧಿ ಎಲ್ಲಿಂದ ಬಂತು? ಅದು ಅವರ ಸಭೆಯ ಪಿತ್ರಾರ್ಜಿತ. ಸಂತ ಜಾನ್ ಬೋಸ್ಕೊರವರು ತಮ್ಮ ಮೊದಲ ಮಿಷನರಿಗಳನ್ನು 1875ರ ನವೆಂಬರಿನಲ್ಲಿ ಕಳುಹಿಸಿದ್ದೇ ಅರ್ಜೆಂಟೀನಾಕ್ಕೆ. ಆ ಮಿಷನರಿಗಳು ಹೊತ್ತುಕೊಂಡು ಹೋದದ್ದು ಟ್ಯೂರಿನ್ ನಗರದ ಒಂದು ಅಂಗಳದ ಅನುಭವವನ್ನು.

1841ರ ಡಿಸೆಂಬರ್ 8ರಂದು ಟ್ಯೂರಿನ್ನಿನ ಒಂದು ದೇವಾಲಯದಲ್ಲಿ, ಬಲಿಪೂಜೆಗೆ ನೆರವಾಗಲು ಬಾರದ ಅನಾಥ ಹುಡುಗನೊಬ್ಬನನ್ನು ಅಲ್ಲಿನ ಉಸ್ತುವಾರಿಯವನು ಕೋಲಿನಿಂದ ಹೊಡೆದು ಓಡಿಸುತ್ತಿದ್ದ. ಡಾನ್ ಬೋಸ್ಕೊ ಆ ಹುಡುಗನನ್ನು ಹಿಂದಕ್ಕೆ ಕರೆಸಿಕೊಂಡರು. ನಿನಗೆ ಓದು ಬರುತ್ತದೆಯೆ, ಇಲ್ಲ. ಹಾಡು ಬರುತ್ತದೆಯೆ, ಇಲ್ಲ. ಸಿಳ್ಳೆ ಹಾಕಲು ಬರುತ್ತದೆಯೆ ಎಂದು ಕೇಳಿದಾಗ ಹುಡುಗ ಮೊದಲ ಬಾರಿಗೆ ನಕ್ಕನಂತೆ. ಬಾರ್ತೊಲೊಮೆಯೊ ಗರೆಲ್ಲಿ ಎಂಬ ಆ ಹುಡುಗನಿಂದ ಡಾನ್ ಬೋಸ್ಕೊರವರ 'ಓರಾಟರಿ' ಆರಂಭವಾಯಿತು. ಮುಂದೆ ನೂರಾರು ಹುಡುಗರು ಸೇರಿದರು. ಸೇರಿದ್ದೇ ತಡ, ದೂರುಗಳೂ ಸೇರಿಕೊಂಡವು. ಗಲಾಟೆ ತಾಳಲಾರೆವೆಂದು ಒಂದೆಡೆಯಿಂದ ಎಬ್ಬಿಸಿದರು. ಹುಲ್ಲಿನ ಬೇರೂ ಉಳಿಯದಂತೆ ತುಳಿಯುತ್ತಿದ್ದಾರೆಂದು ಬಾಡಿಗೆಗೆ ಕೊಟ್ಟ ಬಯಲಿನ ಮಾಲೀಕರು ಹೊರಹಾಕಿದರು. 1846ರ ಪಾಸ್ಕ ಹಬ್ಬದ ಹೊತ್ತಿಗೆ ವಾಲ್ದೊಕ್ಕೊ ಎಂಬಲ್ಲಿ ಒಂದು ಹಳೆಯ ಚಪ್ಪರವೂ ಅದರ ಪಕ್ಕದ ಅಂಗಳವೂ ದೊರೆತವು. ಚಪ್ಪರ ದೇವಾಲಯವಾಯಿತು, ಅಂಗಳ ಆಟದ ಮೈದಾನವಾಯಿತು.

ಕಾಲ್ಚೆಂಡಾಟಕ್ಕೆ ಇಂದಿನ ನಿಯಮಗಳು ಇಂಗ್ಲೆಂಡಿನಲ್ಲಿ ರೂಪುಗೊಂಡದ್ದು 1863ರಲ್ಲಿ. ಆದುದರಿಂದ ವಾಲ್ದೊಕ್ಕೊದ ಹುಡುಗರು ಆರಂಭದಲ್ಲಿ ಆಡುತ್ತಿದ್ದುದು ಓಟ, ಮರಗಾಲು, ಗುಂಡಿನಾಟ ಮುಂತಾದವುಗಳನ್ನು. ಆಟ ಯಾವುದೆಂಬುದು ಡಾನ್ ಬೋಸ್ಕೊರವರಿಗೆ ಮುಖ್ಯವಾಗಿರಲಿಲ್ಲ. ಗುರುಗಳು ಆ ಅಂಗಳದಲ್ಲಿ ಇರುತ್ತಾರೆಯೇ ಎಂಬುದೇ ಮುಖ್ಯವಾಗಿತ್ತು. ತಾವೇ ಹುಡುಗರೊಂದಿಗೆ ಓಡುತ್ತಿದ್ದರು. ಓಡುವ ನಡುವೆ ಒಬ್ಬ ಹುಡುಗನ ಕಿವಿಯಲ್ಲಿ ಒಂದೇ ಒಂದು ಮಾತು ಉಸುರುತ್ತಿದ್ದರು: ನಿನ್ನೆ ಯಾಕೆ ಬರಲಿಲ್ಲ, ತಾಯಿಗೆ ಹುಷಾರಾಯಿತೆ, ಪಾಪನಿವೇದನೆ ಮಾಡಿ ಬಹಳ ದಿನವಾಯಿತಲ್ಲ, ಇಂಥವು. ಎದುರಿಗೆ ಕೂರಿಸಿಕೊಂಡು ಬೋಧಿಸಿದರೆ ಮುದುಡಿಕೊಳ್ಳುವ ಹುಡುಗ, ಬೆವರು ಒರೆಸಿಕೊಳ್ಳುತ್ತ ನಿಂತಾಗ ಮನಸ್ಸು ತೆರೆಯುತ್ತಾನೆಂಬುದನ್ನು ಅವರು ಅರಿತಿದ್ದರು.

ಇದರ ಇನ್ನೊಂದು ಮುಖವನ್ನೂ ಅವರು ಕಂಡಿದ್ದರು. 1884ರ ಮೇ 10ರಂದು ರೋಮಿನಿಂದ ತಮ್ಮ ಸಭೆಯವರಿಗೆ ಅವರು ಬರೆದ ಪತ್ರ ಸಲೇಶಿಯನರಲ್ಲಿ ಪ್ರಸಿದ್ಧವಾಗಿದೆ. ಅದರಲ್ಲಿ ಎರಡು ಅಂಗಳಗಳ ಕನಸಿದೆ. ಹಳೆಯ ಅಂಗಳದಲ್ಲಿ ಕೇಕೆ, ಓಟ, ಹುಡುಗರ ನಡುವೆ ಬೆರೆತ ಗುರುಗಳು. ಹೊಸ ಅಂಗಳದಲ್ಲಿ ಕಂಬಕ್ಕೊರಗಿ ನಿಂತ ಮಂಕು ಮುಖಗಳು, ಮೂಲೆಯಲ್ಲಿ ಪಿಸುಗುಟ್ಟುವ ಗುಂಪುಗಳು. ಗುರುಗಳೆಲ್ಲರೂ ದೂರದಲ್ಲಿ ತಮ್ಮತಮ್ಮಲ್ಲೇ ಮಾತನಾಡಿಕೊಳ್ಳುತ್ತ ಅಡ್ಡಾಡುತ್ತಿದ್ದಾರೆ. ಕಟ್ಟಡ ದೊಡ್ಡದಾಗಿತ್ತು, ಮಕ್ಕಳ ಸಂಖ್ಯೆ ಹೆಚ್ಚಿತ್ತು, ಆದರೆ ವಿಶ್ವಾಸ ಹೊರಟುಹೋಗಿತ್ತು. ಮಕ್ಕಳನ್ನು ಪ್ರೀತಿಸಿದರೆ ಸಾಲದು, ತಾವು ಪ್ರೀತಿಗೆ ಪಾತ್ರರೆಂಬುದು ಮಕ್ಕಳಿಗೂ ತಿಳಿಯಬೇಕು ಎಂಬುದು ಆ ಪತ್ರದ ತಿರುಳು. ತಮ್ಮ ಸಂಸ್ಥೆಯ ದೋಷವನ್ನು ತಾವೇ ಹೀಗೆ ಬರೆದು ಸಾರುವ ಸಂಸ್ಥಾಪಕರು ವಿರಳ.

ಬಡ ಬಡಾವಣೆಯ ಮಕ್ಕಳಿಗೆ ಕಾಲ್ಚೆಂಡಾಟ ಏಕೆ ಇಷ್ಟು ಒಗ್ಗುತ್ತದೆಂಬುದನ್ನು ಬಹಳ ವಿವರಿಸಬೇಕಾಗಿಲ್ಲ. ಬ್ಯಾಟು ಬೇಡ, ಪ್ಯಾಡು ಬೇಡ, ಒಂದು ಚೆಂಡಿಗೆ ಇಪ್ಪತ್ತು ಮಕ್ಕಳು. ಇದಕ್ಕಿಂತ ಹೆಚ್ಚಿನದೊಂದಿದೆ. ಮನೆಯಲ್ಲಿ ಕುಡಿದು ಬಂದ ತಂದೆಯ ಇಚ್ಛೆಯೇ ನಿಯಮ, ಬೀದಿಯಲ್ಲಿ ಬಲಿಷ್ಠನ ತೋಳೇ ನಿಯಮ ಎಂದು ಬೆಳೆದ ಮಗುವಿಗೆ, ಎಲ್ಲರಿಗೂ ಒಂದೇ ಆದ ನಿಯಮವನ್ನು ಮೊದಲ ಬಾರಿಗೆ ತೋರಿಸುವುದು ಕೆಲವೊಮ್ಮೆ ಈ ಆಟವೇ. ಇತ್ತ, ಅಂಗಳದ ಬದಿಯಲ್ಲಿ ದಿನವೂ ನಿಲ್ಲುವ ಹಿರಿಯರಿಗೂ ಹಾಜರಿ ಪುಸ್ತಕ ಹೇಳದ ಸಂಗತಿಗಳು ಗೋಚರಿಸುತ್ತವೆ. ಯಾವ ಹುಡುಗ ಹತ್ತು ನಿಮಿಷ ಓಡುವಷ್ಟರಲ್ಲಿ ತಲೆಸುತ್ತಿ ಕೂರುತ್ತಾನೆ, ಅವನು ಬೆಳಗಿನಿಂದ ಉಂಡಿಲ್ಲ. ಯಾವನ ಬೆನ್ನಿನ ಮೇಲೆ ಬಾಸುಂಡೆಗಳಿವೆ. ಯಾವನು ವಾರದಿಂದ ಕಾಣೆಯಾಗಿದ್ದಾನೆ, ಗ್ಯಾರೇಜಿಗೋ ಹೋಟೆಲಿಗೋ ಕೆಲಸಕ್ಕೆ ಸೇರಿಸಿಬಿಟ್ಟಿದ್ದಾರೆ. ಇವುಗಳನ್ನು ಕಂಡು, ಮಾರನೆಯ ದಿನ ಅವನ ಮನೆಯ ಬಾಗಿಲು ತಟ್ಟುವವರು ಇದ್ದರೆ ಮಾತ್ರ ಇದು ಸೇವೆ ಎನಿಸುತ್ತದೆ. ಇಲ್ಲವಾದರೆ ಅದು ಬರೀ ಪಂದ್ಯಾವಳಿ.

ಮಾಸ್ಸಾ ಗುರುಗಳ ಷರತ್ತಿನ ವಿಷಯದಲ್ಲಿ ಕೆಲವರಿಗೆ ಅಸಮಾಧಾನವಾದೀತು. ಅಂಗಳ ಕೊಟ್ಟು ಪೂಜೆಗೆ ಕರೆಯುವುದು ಆಮಿಷವಲ್ಲವೇ ಎಂದು ಕೇಳಬಹುದು. ಪ್ರಶ್ನೆ ಸರಿಯಾದುದೇ. ಅಲ್ಮಾಗ್ರೊದಲ್ಲಿ ನೆರೆದವರು ಇಟಲಿ, ಸ್ಪೇಯಿನಿನ ಕಥೋಲಿಕ ಮನೆಗಳ ಮಕ್ಕಳು. ಮನೆಯವರೇ ಮರೆತಿದ್ದ ಕರ್ತವ್ಯವನ್ನು ಗುರುಗಳು ನೆನಪಿಸಿದರು. ಇದೇ ಷರತ್ತನ್ನು ನಮ್ಮ ದೇಶಕ್ಕೆ ಹೊತ್ತು ತರಲು ಬಾರದು, ತರಲೂಕೂಡದು. ನಮ್ಮ ಕೊಳಚೆ ಪ್ರದೇಶಗಳಲ್ಲಿ ಎಲ್ಲ ಮತದ ಮಕ್ಕಳೂ ಒಂದೇ ಚೆಂಡಿನ ಹಿಂದೆ ಓಡುತ್ತಾರೆ. ಹಸಿದ ಮಗುವಿಗೆ ಅನ್ನ ಬಡಿಸಿ ಅದಕ್ಕೆ ಬೆಲೆ ಕೇಳಿದವರ ಸಾಲಿನಲ್ಲಿ ನಾವು ನಿಲ್ಲಬಾರದು. ನಮ್ಮ ಮಕ್ಕಳಿಗೆ ಬಲಿಪೂಜೆಯ ಮಹತ್ವವನ್ನು ಹೇಳೋಣ, ನೆರೆಮನೆಯ ಮಕ್ಕಳಿಗೆ ಅಂಗಳವನ್ನು ಷರತ್ತಿಲ್ಲದೆ ಬಿಟ್ಟುಕೊಡೋಣ.

ಇನ್ನು, ಇಂಥ ಕಾರ್ಯಕ್ಕೆ ಒದಗಬಹುದಾದ ಅಪಾಯವನ್ನು ಅರಿಯಲು ಸ್ಕಾಟ್‌ಲೆಂಡಿನ ಗ್ಲಾಸ್ಗೊ ನಗರಕ್ಕೆ ಹೋಗಬೇಕು. ಅಲ್ಲಿಯ ಪೂರ್ವಭಾಗದ ಕೊಳಚೆಗಳಲ್ಲಿ ಐರ್ಲೆಂಡಿನಿಂದ ಬಂದ ಬಡ ಕಥೋಲಿಕರು ವಾಸಿಸುತ್ತಿದ್ದರು. ಮಾರಿಸ್ಟ್ ಸಭೆಯ ಬ್ರದರ್ ವಾಲ್ಫ್ರಿಡ್ ಅಲ್ಲಿ ಶಾಲೆಯೊಂದರ ಮುಖ್ಯೋಪಾಧ್ಯಾಯರು. ಐರ್ಲೆಂಡಿನ ಮಹಾಕ್ಷಾಮವನ್ನು ಬಾಲ್ಯದಲ್ಲಿ ಕಂಡವರು. ಹಸಿದು ಶಾಲೆಗೆ ಬರುವ ಮಕ್ಕಳಿಗಾಗಿ ಸಂತ ವಿನ್ಸೆಂಟ್ ದೆ ಪಾವ್ಲರ ಸಭೆಯ ನೆರವಿನಿಂದ ಅವರು ಮಧ್ಯಾಹ್ನದ ಊಟ ಏರ್ಪಡಿಸಿದರು. ಬೆಲೆ ಒಂದು ಪೆನ್ನಿ, ಇಲ್ಲದವರಿಗೆ ಬಿಟ್ಟಿ. ಬೇರೆ ಪಂಗಡದವರ ಗಂಜಿಕೇಂದ್ರಗಳಿಗೆ ಹೋದ ಮಕ್ಕಳು ಸ್ವಧರ್ಮ ಬಿಟ್ಟಾರೆಂಬ ಅಂಜಿಕೆಯೂ ಅವರಿಗಿತ್ತು, ಅದನ್ನು ಮರೆಮಾಚಬೇಕಾಗಿಲ್ಲ. ಊಟಕ್ಕೆ ಹಣ ಬೇಕಲ್ಲ? ಪಂದ್ಯ ನೋಡಲು ಜನ ಕಾಸು ಕೊಡುತ್ತಾರೆಂಬುದನ್ನು ಗಮನಿಸಿ, 1887ರ ನವೆಂಬರಿನಲ್ಲಿ ಸಂತ ಮೇರಿಯವರ ದೇವಾಲಯದ ಸಭಾಂಗಣದಲ್ಲಿ ಜನರನ್ನು ಸೇರಿಸಿ ಒಂದು ಕ್ಲಬ್ಬು ಕಟ್ಟಿದರು. ಅದೇ ಇಂದಿನ ಜಗತ್ಪ್ರಸಿದ್ಧ ಸೆಲ್ಟಿಕ್.

ಕ್ಲಬ್ಬು ಬೆಳೆಯಿತು. ಗೆಲುವು ಬಂತು, ಹಣ ಬಂತು, ಹಣದ ಹಿಂದೆ ಹಣದ ಲೆಕ್ಕ ಬಲ್ಲವರೂ ಬಂದರು. 1892ರಲ್ಲಿ ಬ್ರದರ್ ವಾಲ್ಫ್ರಿಡ್‌ರಿಗೆ ಸಭೆಯ ಆದೇಶದಂತೆ ಲಂಡನ್ನಿಗೆ ವರ್ಗವಾಯಿತು. ಅವರು ಹೋದ ಮೇಲೆ ಮಕ್ಕಳ ಊಟಕ್ಕೆ ಸಲ್ಲುತ್ತಿದ್ದ ಹಣ ಬತ್ತುತ್ತ ಬಂತು. 1897ರಲ್ಲಿ ಕ್ಲಬ್ಬು ಲಿಮಿಟೆಡ್ ಕಂಪನಿಯಾಯಿತು. 1967ರಲ್ಲಿ ಅದೇ ಕ್ಲಬ್ಬು ಯುರೋಪಿಯನ್ ಕಪ್ ಗೆದ್ದಿತು. ಆಡಿದ ಹನ್ನೊಂದು ಮಂದಿಯೂ ಗ್ಲಾಸ್ಗೊದ ಸುತ್ತಮುತ್ತ ಹುಟ್ಟಿದವರೇ. ಇಂದು ಕ್ಲಬ್ಬಿನ ದತ್ತಿಸಂಸ್ಥೆ ಬಡವರಿಗಾಗಿ ಕೆಲಸ ಮಾಡುತ್ತಿದೆ, 2005ರಲ್ಲಿ ಮೈದಾನದ ಹೊರಗೆ ಬ್ರದರ್‌ರವರ ಪ್ರತಿಮೆಯೂ ಎದ್ದು ನಿಂತಿದೆ. ಆದರೂ ಮೊದಲ ಹತ್ತು ವರ್ಷಗಳಲ್ಲಿ ನಡೆದದ್ದು ನಮ್ಮ ಮನಸ್ಸನ್ನು ಚುಚ್ಚುತ್ತದೆ. ಊಟಕ್ಕಾಗಿ ಹುಟ್ಟಿದ ಆಟ ಊಟವನ್ನೇ ಮರೆಯಿತು. ಬ್ರದರ್ ವಾಲ್ಫ್ರಿಡ್ ಮಾತ್ರ ಮರೆಯಲಿಲ್ಲ. ಲಂಡನ್ನಿನ ಪೂರ್ವಭಾಗದ ಬರಿಗಾಲಿನ ಹುಡುಗರಿಗಾಗಿ ಅವರು ಮತ್ತೆ ಮೊದಲಿನಿಂದ ಆಟಗಳನ್ನು ಏರ್ಪಡಿಸತೊಡಗಿದರು.

ಸಾನ್ ಲೊರೆನ್ಸೊ ಕೂಡ ಏಳುಬೀಳುಗಳನ್ನು ಕಂಡಿದೆ. 1916ರಲ್ಲಿ ಕಟ್ಟಿದ ಅದರ ಹಳೆಯ ಕ್ರೀಡಾಂಗಣ 1979ರಲ್ಲಿ, ಸೇನಾಡಳಿತದ ಕಾಲದಲ್ಲಿ, ಕೈತಪ್ಪಿತು. ಆ ಜಾಗದಲ್ಲಿ ದೊಡ್ಡ ಅಂಗಡಿಯೊಂದು ತಲೆಯೆತ್ತಿತು. 1993ರಲ್ಲಿ ಹೊಸ ಕ್ರೀಡಾಂಗಣ ಕಟ್ಟಿಕೊಂಡದ್ದು ನಗರದ ಅತಿ ದೊಡ್ಡ ಕೊಳಚೆ ಪ್ರದೇಶಗಳಲ್ಲೊಂದರ ಮಗ್ಗುಲಲ್ಲಿ. ಬೀದಿ ಹುಡುಗರಿಂದ ಹುಟ್ಟಿದ ಕ್ಲಬ್ಬು ಬಡವರ ನೆರೆಗೇ ಹಿಂತಿರುಗಿದಂತಾಯಿತು.

ಜಗದ್ಗುರು ಪೋಪ್ ಫ್ರಾನ್ಸಿಸ್‌ರವರು ಬಾಲ್ಯದಿಂದಲೂ ಈ ತಂಡದ ಅಭಿಮಾನಿಯಾಗಿದ್ದರೆಂಬುದನ್ನು ಎಲ್ಲರೂ ಬಲ್ಲರು. 1936ರ ಕ್ರಿಸ್ಮಸ್ ದಿನ ಅವರಿಗೆ ದೀಕ್ಷಾಸ್ನಾನವಾದದ್ದು ಅಲ್ಮಾಗ್ರೊದಲ್ಲಿರುವ ಸಲೇಶಿಯನರ ಸಹಾಯಮಾತೆಯ ಬಸಿಲಿಕಾದಲ್ಲಿ. 2014ರಲ್ಲಿ ತಂಡವು ದಕ್ಷಿಣ ಅಮೆರಿಕದ ಅತ್ಯುನ್ನತ ಪ್ರಶಸ್ತಿಯಾದ ಲಿಬೆರ್ತದೊರೆಸ್ ಕಪ್ ಗೆದ್ದಾಗ, ಆಟಗಾರರು ಅದನ್ನು ವ್ಯಾಟಿಕನ್ನಿಗೆ ಕೊಂಡೊಯ್ದು ಅವರಿಗೆ ತೋರಿಸಿದರು. 2025ರ ಏಪ್ರಿಲ್ 21ರಂದು ಅವರು ದೈವಾಧೀನರಾದಾಗ ಕ್ಲಬ್ಬಿನವರು ತಮ್ಮ ಮನೆಯ ಹಿರಿಯರನ್ನು ಕಳೆದುಕೊಂಡಂತೆ ದುಃಖಿಸಿದರು. ಪತ್ರಿಕೆಗಳು ಇದನ್ನೆಲ್ಲ ಬೇಕಾದಷ್ಟು ಬರೆದಿವೆ. ನಮ್ಮ ದೃಷ್ಟಿಯಲ್ಲಿ ಇದಕ್ಕಿಂತ ಮುಖ್ಯವಾದುದು, ಬ್ಯೂನಸ್ ಐರಿಸ್‌ನ ಮಹಾಧರ್ಮಾಧ್ಯಕ್ಷರಾಗಿದ್ದಾಗ ಅವರು ಕೊಳಚೆ ಪ್ರದೇಶಗಳಿಗೆ ಹೆಚ್ಚು ಹೆಚ್ಚು ಗುರುಗಳನ್ನು ಕಳುಹಿಸಿದ್ದು, ಅಲ್ಲೇ ವಾಸವಾಗಿರುವಂತೆ.

ಆ ಗುರುಗಳ ಬಾಯಲ್ಲಿ ಒಂದು ಮಾತು ಬಳಕೆಯಲ್ಲಿದೆ. ಮಗುವನ್ನು ಕಾಯುವುದಕ್ಕೆ ಮೂರು ಬೇಕು: ಪ್ರಾರ್ಥನಾಲಯ, ಶಾಲೆ, ಕ್ಲಬ್ಬು. ಮಗುವನ್ನು ನುಂಗುವುದಕ್ಕೆ ಮೂರು ಕಾದಿವೆ: ಬೀದಿ, ಸೆರೆಮನೆ, ಸ್ಮಶಾನ. ಸ್ಪ್ಯಾನಿಷಿನಲ್ಲಿ ಈ ಆರೂ ಪದಗಳು ಒಂದೇ ಅಕ್ಷರದಿಂದ ಆರಂಭವಾಗುತ್ತವೆ. ಕೊಕೇನಿನ ಕಸದಿಂದ ತಯಾರಾಗುವ 'ಪಾಕೊ' ಎಂಬ ಅಗ್ಗದ ಮಾದಕವಸ್ತು ಹದಿಹರೆಯದವರನ್ನು ಬಲಿ ತೆಗೆದುಕೊಳ್ಳುತ್ತಿರುವ ಓಣಿಗಳಲ್ಲಿ ಇದು ಬರಿಯ ಮಾತಿನ ಚಮತ್ಕಾರವಲ್ಲ. ಸಂಜೆಯ ಎರಡು ಗಂಟೆ ಹುಡುಗ ಚೆಂಡಿನ ಜತೆಗಿದ್ದರೆ, ಆ ಎರಡು ಗಂಟೆ ಅವನು ಮಾದಕವಸ್ತು ಮಾರುವವನ ಜತೆಗಿಲ್ಲ. ದೇವಾಲಯವನ್ನೂ ಕ್ಲಬ್ಬನ್ನೂ ಒಂದೇ ಉಸಿರಿನಲ್ಲಿ ಹೇಳಲು ಆ ಗುರುಗಳಿಗೆ ಸಂಕೋಚವಿಲ್ಲ.

ನಮ್ಮ ನಾಡಿನಲ್ಲೂ ಈ ಪರಂಪರೆಯ ಬೇರುಗಳಿವೆ. ಸಲೇಶಿಯನರು ಭಾರತಕ್ಕೆ ಬಂದದ್ದು 1906ರಲ್ಲಿ, ತಂಜಾವೂರಿಗೆ. ಬೆಂಗಳೂರಿನ ಬೀದಿ ಮಕ್ಕಳಿಗಾಗಿ ಅವರು 1980ರಲ್ಲಿ ಕೈಗೊಂಡ ಕಾರ್ಯವೇ 'ಬಾಸ್ಕೊ'. ಬೆಂಗಳೂರು ಓಣಿಯವರ ಸೇವಾ ಕೂಟ ಎಂಬ ಅಚ್ಚಗನ್ನಡದ ವಿಸ್ತರಣೆಯಲ್ಲಿ ಸಂತರ ಹೆಸರನ್ನು ಅಡಗಿಸಿಟ್ಟವರ ಜಾಣ್ಮೆಯನ್ನು ಮೆಚ್ಚಬೇಕು. ಅದೇ ನಗರದ ಹಲಸೂರಿನ ಬಳಿಯ ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಇವರ ಜೊತೆಗೆ ಪೆಲೆಯ ಪ್ರತಿಮೆಯೂ ಇದೆ. ಆ ಬಡ ಬಡಾವಣೆಯ ಮಕ್ಕಳಿಗೆ ಕಾಲ್ಚೆಂಡಾಟವೆಂದರೆ ಏನೆಂಬುದನ್ನು ನಾವು ಹೇಳಿಕೊಡಬೇಕಾಗಿಲ್ಲ.

ಆದರೆ ನಮ್ಮ ಧರ್ಮಕೇಂದ್ರಗಳ ಅಂಗಳಗಳು? ಮೂವತ್ತು ವರ್ಷಗಳ ಹಿಂದೆ ಮಣ್ಣಿನ ನೆಲವಿದ್ದ ಎಷ್ಟೋ ಕಡೆ ಇಂದು ಇಂಟರ್‌ಲಾಕ್ ಇಟ್ಟಿಗೆ ಹಾಸಿದೆ. ಭಾನುವಾರ ಎರಡು ಗಂಟೆ ಕಾರುಗಳು ನಿಲ್ಲುತ್ತವೆ, ಉಳಿದ ದಿನ ಗೇಟಿಗೆ ಬೀಗ. ಕಿಟಕಿ ಗಾಜು ಒಡೆದೀತು, ಹೂಕುಂಡ ಉರುಳೀತು, ಹೊರಗಿನ ಮಕ್ಕಳು ಬಂದಾರು ಎಂಬುದು ಕಾರಣ. ಮೊದಲ ಎರಡಕ್ಕೆ ಉತ್ತರವಿದೆ, ಬಲೆ ಕಟ್ಟಬಹುದು. ಮೂರನೆಯದನ್ನು ಕೇಳಿದಾಗ ನಮಗೆ ಟ್ಯೂರಿನ್ನಿನ ಆ ಉಸ್ತುವಾರಿಯವನ ಕೈಯ ಕೋಲು ನೆನಪಾಗುತ್ತದೆ.

ಇದೇ ಸಂದರ್ಭದಲ್ಲಿ ಕಹಿಯಾದರೂ ಒಂದು ಮಾತು ಹೇಳಲೇಬೇಕು. ಮಕ್ಕಳ ನಡುವೆ ಇರಬೇಕಾದವರಲ್ಲೇ ಕೆಲವರು ಅವರ ನಂಬಿಕೆಯನ್ನು ಕೊಂದ ಪ್ರಕರಣಗಳಿಂದ, ಹಲವು ದೇಶಗಳಲ್ಲಿ ಧರ್ಮಸಭೆಯೂ ಕ್ರೀಡಾಕ್ಲಬ್ಬುಗಳೂ ತಲೆತಗ್ಗಿಸಿವೆ. ಆದುದರಿಂದ ಅಂಗಳ ನಾಲ್ವರ ಕಣ್ಣಿಗೆ ಬೀಳುವಂತಿರಲಿ. ಒಬ್ಬರ ಬದಲು ಇಬ್ಬರು ಹಿರಿಯರಿರಲಿ, ಅವರಲ್ಲಿ ತಾಯಂದಿರೂ ಇರಲಿ. ಹೆಣ್ಣುಮಕ್ಕಳೂ ಚೆಂಡು ಒದೆಯಲು ಬರುವಂತಾಗುವುದು ಆಗಲೇ. ನಮ್ಮ ದೇಶದ 2012ರ ಪೋಕ್ಸೊ ಕಾಯಿದೆಯಂತೆ ದೌರ್ಜನ್ಯ ತಿಳಿದೂ ಪೊಲೀಸರಿಗೆ ತಿಳಿಸದಿರುವುದು ಅಪರಾಧ. ಪೋಪ್ ಫ್ರಾನ್ಸಿಸ್‌ರವರು 2019ರಲ್ಲಿ ಹೊರಡಿಸಿದ ಆಜ್ಞಾಪತ್ರವು ಗುರುಗಳಿಗೂ ಧಾರ್ಮಿಕ ಸಭೆಗಳವರಿಗೂ ಇಂಥ ವಿಷಯವನ್ನು ಧರ್ಮಸಭೆಯ ಅಧಿಕಾರಿಗಳಿಗೆ ವರದಿ ಮಾಡುವ ಹೊಣೆ ಹೊರಿಸಿದೆ. ಅಪಾಯವಿದೆಯೆಂದು ಗೇಟಿಗೆ ಬೀಗ ಹಾಕುವುದು ಸುಲಭ. ಬೀಗದ ಹೊರಗಿನ ಬೀದಿಯಲ್ಲಿ ಆ ಮಕ್ಕಳನ್ನು ಕಾಯುವವರು ಯಾರೂ ಇರುವುದಿಲ್ಲ.

ಮುಂಬರುವ ಜನವರಿಯ 31ರಂದು ಸಂತ ಜಾನ್ ಬೋಸ್ಕೊರವರ ಹಬ್ಬ. ಅತ್ತೂರಿನ ಜಾತ್ರೆಯೂ ಅದರ ಆಸುಪಾಸಿನಲ್ಲೇ. ಓದುಗರ ಧರ್ಮಕೇಂದ್ರಗಳಲ್ಲಿ ಶಾಲೆ ಬಿಟ್ಟ ಮೇಲೆ ನೆರೆಹೊರೆಯ ಬಡ ಮಕ್ಕಳಿಗಾಗಿ ಅಂಗಳ ತೆರೆದಿಟ್ಟ ಉದಾಹರಣೆಗಳಿದ್ದರೆ ನಮಗೆ ಬರೆದು ತಿಳಿಸಬೇಕೆಂದು ಕೋರುತ್ತೇವೆ. ಎಷ್ಟು ಮಕ್ಕಳು ಬರುತ್ತಾರೆ, ಅವರೊಡನೆ ದಿನವೂ ನಿಲ್ಲುವವರು ಯಾರು, ಒಡೆದ ಗಾಜಿನ ಖರ್ಚನ್ನು ಯಾರು ಭರಿಸಿದರು ಎಂಬುದನ್ನೂ ಸೇರಿಸಿ ಬರೆದರೆ ಉಳಿದವರಿಗೆ ಉಪಯೋಗವಾದೀತು. ಪ್ರಯತ್ನಿಸಿ ಕೈಬಿಟ್ಟವರೂ ಬರೆಯಬಹುದು.